ಗೀರು ಹಾಕದ ಚೆಸ್ಟ್‌ನಟ್

“ನೆವ್ರಾ, ಹೀಗಿಟ್ರೆ ಸಾಕೇನೆ?”

ಫಿಗೆನ್ ಚಿಕ್ಕಮ್ಮ ಕೇಳಿದಳು. ಕೋಣೆಯ ಮಧ್ಯೆ ಉರಿಯುತ್ತಿದ್ದ ಕಬ್ಬಿಣದ ಒಲೆಯ ಮೇಲೆ ಚೆಸ್ಟ್‌ನಟ್‌ಗಳನ್ನು ಚಂದವಾಗಿ ಜೋಡಿಸಿದ್ದಳು. ಸುಟ್ಟು ತಿನ್ನುವ ಕಾಯಿ, ಹೊಳೆಯುವ ಗಟ್ಟಿ ಕಂದು ಸಿಪ್ಪೆ. ಒಂದಕ್ಕೂ ಚಾಕು ತಾಗಿರಲಿಲ್ಲ.

ನೆವ್ರಾ ಹೋಮ್‌ವರ್ಕ್ ಬಿಟ್ಟು ತಲೆ ಎತ್ತಿದಳು. ಗೀರು ಹಾಕದೆ ಬಿಸಿಗಿಟ್ಟರೆ ಚೆಸ್ಟ್‌ನಟ್ ಸಿಡಿಯುತ್ತದೆ. ಅವರ ಊರಾದ ಬುರ್ಸಾದಲ್ಲಿ ಪುಟ್ಟ ಮಕ್ಕಳಿಗೂ ಇದು ಗೊತ್ತು. ಆದರೆ ಫಿಗೆನ್ ಮದುವೆಯಾಗಿ ಬಂದದ್ದು ದೂರದ ಅದಾನಾದಿಂದ. ಯಾರಾದರೂ ಸುಲಿದು ಕೊಟ್ಟದ್ದನ್ನು ತಿಂದು ಗೊತ್ತು, ಅಷ್ಟೇ.

ಹೋದ ಚಳಿಗಾಲದವರೆಗೂ ಈ ಕೆಲಸ ಇಲ್ಹಾನ್ ಚಿಕ್ಕಪ್ಪ ಮತ್ತು ನೆವ್ರಾ, ಇಬ್ಬರದೇ ಆಗಿತ್ತು. ಅವನು ಗೀರುವುದು, ಇವಳು ಇಕ್ಕಳ ಹಿಡಿದು ತಿರುಗಿಸುವುದು. ಈಗ ಚಿಕ್ಕಪ್ಪನ ಬಾಯಲ್ಲಿ ಯಾವಾಗ ನೋಡಿದರೂ “ಫಿಗೆನ್, ಫಿಗೆನ್”.

ಒಂದೆರಡು ಸಿಡಿಯಲಿ, ಅಜ್ಜಿ ಬೈಯಲಿ ಅನ್ನಿಸಿತು.

“ಹೂಂ, ಸಾಕು,” ಎಂದು ನೆವ್ರಾ ಪುಸ್ತಕಕ್ಕೆ ತಲೆ ಬಗ್ಗಿಸಿದಳು. ಲೆಕ್ಕ ಮಾತ್ರ ಒಂದೂ ತಲೆಗೆ ಹೋಗಲಿಲ್ಲ.

ಢಬ್!

ಫಿಗೆನ್ ಕಿರುಚಿ ಹಿಂದಕ್ಕೆ ಹಾರಿದಳು. ಢಬ್! ಢಬ್! ಹಳದಿ ತಿರುಳು ಹಾರಿ ಪರದೆಗೆ ಅಂಟಿತು. ಬೆಚ್ಚಗೆ ಮಲಗಿದ್ದ ಬೆಕ್ಕು ಸೋಫಾದಡಿ ನುಗ್ಗಿತು. ಫಿಗೆನ್ ಗಡಿಬಿಡಿಯಲ್ಲಿ ಉಳಿದವನ್ನೆಲ್ಲ ಕೈಯಿಂದಲೇ ತಟ್ಟೆಗೆ ಎಳೆದುಕೊಂಡಳು.

ಅಜ್ಜಿ ಅಡುಗೆಮನೆಯಿಂದ ಓಡಿಬಂದರು. “ಅಲ್ಲಾ ಅಲ್ಲಾ! ಪರದೆ ಇವತ್ತೇ ಒಗೆದು ಹಾಕಿದ್ದೆ! ಗೀರು ಹಾಕ್ದೇ ಇಟ್ಟಿದ್ದು ಯಾರು?”

“ನಾನೇ ಅತ್ತೆ. ಗೊತ್ತಾಗ್ಲಿಲ್ಲ.”

“ಇವಳನ್ನ ಕೇಳ್ಬಾರ್ದಾಗಿತ್ತಾ? ಇಲ್ಲೇ ಕೂತಿದ್ದಾಳಲ್ಲ!”

ನೆವ್ರಾ ಪುಸ್ತಕವನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಈಗ ಚಿಕ್ಕಮ್ಮ ಹೇಳಿಬಿಡುತ್ತಾಳೆ.

ಫಿಗೆನ್ ಅವಳನ್ನೊಮ್ಮೆ ನೋಡಿದಳು. “ಓದ್ತಾ ಇದ್ಲು. ಯಾಕೆ ತೊಂದ್ರೆ ಕೊಡೋದು ಅಂತ ಸುಮ್ನಾದೆ.”

ಅಷ್ಟರಲ್ಲಿ ಕೆಲಸದಿಂದ ಬಂದ ಇಲ್ಹಾನ್ ಚಿಕ್ಕಪ್ಪ, ಬಾಗಿಲಲ್ಲೇ ಹಿಮ ಹತ್ತಿದ ಬೂಟು ಬಿಚ್ಚುತ್ತಾ ಸಂಗತಿ ಕೇಳಿ ಜೋರಾಗಿ ನಕ್ಕ.

“ಅದಾನಾದವ್ರಿಗೆ ಕಬಾಬ್ ಸುಡೋದು ಬಿಟ್ರೆ ಇನ್ನೇನು ಬರುತ್ತೆ! ನಾಳೆ ಬೀದಿಯೆಲ್ಲಾ ಕೇಳುತ್ತೆ ನೋಡು, ನಿಮ್ಮನೇಲಿ ಪಟಾಕಿ ಹೊಡೆದ್ರಾ ಅಂತ.”

ಅಜ್ಜಿಯೂ ನಕ್ಕರು. ಫಿಗೆನ್ ಕೂಡ ನಕ್ಕಳು. ಆದರೆ ಅವಳ ಕಿವಿಗಳು ಕೆಂಪಾಗಿದ್ದವು. ಪರದೆ ಒರೆಸುವ ನೆಪದಲ್ಲಿ ಕಿಟಕಿಯ ಕಡೆ ತಿರುಗಿ ನಿಂತಳು.

ನೆವ್ರಾಗೆ ನಗು ಬರಲಿಲ್ಲ. ನಗುವವರೆಲ್ಲ ಒಂದು ಕಡೆ ಇದ್ದರು. ಚಿಕ್ಕಮ್ಮ ಒಬ್ಬಳೇ ಇನ್ನೊಂದು ಕಡೆ.

“ಅವ್ರು ಕೇಳಿದ್ರು,” ಎಂದಳು ಸಣ್ಣ ದನಿಯಲ್ಲಿ. “ನನ್ನ ಕೇಳಿದ್ರು. ಸಾಕು ಅಂತ ನಾನೇ ಹೇಳ್ದೆ.”

ಚಿಕ್ಕಪ್ಪನ ನಗು ನಿಂತಿತು. ಅಜ್ಜಿ ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಫಿಗೆನ್ ಬಂದು ನೆವ್ರಾಳ ಮುಂದೆ ಕೂತಳು. ಚಾಕುವಿನ ಹಿಡಿಯನ್ನು ಅವಳ ಕಡೆ ಚಾಚಿದಳು.

“ಈಗಾದ್ರೂ ಹೇಳ್ಕೊಡು ಮಾರಾಯ್ತಿ. ಇನ್ನೂ ಅರ್ಧ ಚೀಲ ಇದೆ.”

ಚಾಕು ತೆಗೆದುಕೊಳ್ಳುವಾಗ ನೆವ್ರಾಗೆ ಕಂಡಿತು. ಚಿಕ್ಕಮ್ಮನ ಹೆಬ್ಬೆರಳ ಮೇಲೆ ಕೆಂಪಗೆ ಬೊಬ್ಬೆ ಎದ್ದಿತ್ತು. ಇಷ್ಟು ಹೊತ್ತು ಯಾರಿಗೂ ಹೇಳಿರಲಿಲ್ಲ.

ನೆವ್ರಾ ಎದ್ದು ಓಡಿ, ಬಟ್ಟಲು ತುಂಬ ತಣ್ಣೀರು ತಂದಳು. ಚಿಕ್ಕಮ್ಮನ ಕೈ ಹಿಡಿದು ನೀರಿನಲ್ಲಿ ಇಟ್ಟಳು.

“ಉರಿ ಹೋಗೋವರೆಗೂ ತೆಗೀಬೇಡಿ.”

ಆಮೇಲೆ ಒಂದು ಚೆಸ್ಟ್‌ನಟ್ ಎತ್ತಿಕೊಂಡಳು. “ನೋಡಿ, ಚಪ್ಪಟೆ ಕಡೆ ಅಲ್ಲ, ಉಬ್ಬಿದ ಕಡೆ ಗೀರ್ಬೇಕು. ಆಳ ಬೇಡ, ಸಿಪ್ಪೆ ಸೀಳಿದ್ರೆ ಸಾಕು. ಕಾಣ್ತಿದ್ಯಾ?”

“ಕಾಣ್ತಿದೆ.”

ಚಿಕ್ಕಪ್ಪ ಪಕ್ಕದಲ್ಲಿ ಬಂದು ಕೂತ. “ಕೊಡಿಲ್ಲಿ ಚಾಕು, ಗೀರೋದು ನನ್ನ ಕೆಲ್ಸ ತಾನೇ?”

ನೆವ್ರಾ ಕೊಡಲಿಲ್ಲ.

“ಚಿಕ್ಕಮ್ಮನ ಕೈ ಸರಿಹೋಗ್ಲಿ,” ಎಂದಳು. “ಅವ್ರಿಗೆ ಕೊಡ್ತೀನಿ.”