ಜೋರಾಪುರ ಪೇಟೆಯ ಹದಿನಾರು ಚಾನೆಲ್ ಮಿಕ್ಸರ್ ಕಳವು

2025ರ ಸೆಪ್ಟೆಂಬರ್ 22, ಸೋಮವಾರ. ಮಧ್ಯಾಹ್ನ 1-20ಕ್ಕೆ ಯಾಸ್ಮೀನ ಠಾಣೆಯ ಮೆಟ್ಟಿಲು ಹತ್ತಿದಾಗ ಪಿಎಸ್‌ಐ ಆಮ್ರಪಾಲಿ ಆಗಷ್ಟೇ ಊಟದ ಡಬ್ಬಿ ಬಿಚ್ಚಿದ್ದಳು. ಬಂದವಳ ಮುಖ ನೋಡಿ ಡಬ್ಬಿ ಮತ್ತೆ ಮುಚ್ಚಿದಳು.

“ಏನ್ ಹೋಗೇತಿ?”

“ಮಿಕ್ಸರ್ರಿ, ಮೇಡಮ್. ಹಾಡು ರೆಕಾರ್ಡ್ ಮಾಡೂದು. ಹಳೇ ಕಾಲದ ದೊಡ್ಡ ಮಿಕ್ಸರ್.”

“ದೊಡ್ಡದಂದ್ರ?”

“ಹೊರಸಿನಷ್ಟು. ಒಂದೂವರಿ ಕ್ವಿಂಟಲ್ ಐತ್ರಿ.”

ಬರೆಯಲು ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಕಾಸಿಮಸಾಬ ಪೆನ್ನು ಎತ್ತಿ ಹಿಡಿದ. “ಹೊರಸಿನಷ್ಟು ಸಾಮಾನು ಹಾಡಹಗಲ ಪೇಟಿಯೊಳಗಿಂದ ಹೋಗೇತಿ, ಯಾರೂ ನೋಡಿಲ್ಲಾ?”

“ಎಲ್ಲಾರೂ ನೋಡ್ಯಾರ್ರಿ. ಅದ ಸಂಕಟ.”

ಆದದ್ದು ಇಷ್ಟು. ಜೋರಾಪುರ ಪೇಟೆಯ ಎರಡು ಖೋಲಿಯ ಹಳೆಯ ಮನೆಯೊಂದರ ಗೋಡೆಗೆಲ್ಲ ಗಾದಿ ಬಡಿದು ಯಾಸ್ಮೀನ ಸ್ಟುಡಿಯೊ ಮಾಡಿಕೊಂಡಿದ್ದಳು. ಸೊಲ್ಲಾಪುರದಲ್ಲಿ ಮುಚ್ಚಿಹೋದ ಸ್ಟುಡಿಯೊ ಒಂದರಿಂದ ಆ ಮಿಕ್ಸರನ್ನು ಜುಲೈನಲ್ಲಿ ತಂದಿದ್ದಳು. ಹೊರಗೆ ಹೋಗುವಾಗ, ಓಣಿಯವರೆಲ್ಲ ಮಾಡುವಂತೆ, ಕೀಲಿಕೈಯನ್ನು ಪಕ್ಕದ ಹಿಟ್ಟಿನ ಗಿರಣಿಯ ಮಾಬುಬಿಯ ಹತ್ತಿರ ಕೊಡುವುದು ರೂಢಿ. ಬೆಳಿಗ್ಗೆ 11ಕ್ಕೆ ಸಣ್ಣ ಟೆಂಪೊ ಬಂತು, ನಾಲ್ಕು ಮಂದಿ ಹಮಾಲರು ಇಳಿದರು. ಮುಖಕ್ಕೆ ಮಾಸ್ಕ್ ಹಾಕಿದ ಹಿರಿಯನೊಬ್ಬ “ರಿಪೇರಿಗೆ ಒಯ್ಯಬೇಕಂತ ಯಾಸ್ಮೀನ ಹೇಳ್ಯಾಳ” ಎಂದ. ಮಾಬುಬಿ ಕೀಲಿಕೈ ಕೊಟ್ಟಳು, ಮೇಲೆ ಹಮಾಲರಿಗೆ ನೀರೂ ಕೊಟ್ಟಳು.

ಮನೆಯೊಳಗಿನ ಕಳವೆಂದು ಕಲಂ 305, ಬಿಎನ್‌ಎಸ್ ಅಡಿ ಎಫ್‌ಐಆರ್ ದಾಖಲಾಯಿತು. 3-15ಕ್ಕೆ ಸ್ಥಳ ಪಂಚನಾಮೆ. ಮಾಬುಬಿ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

“ಕಳ್ಳನಂಗ ಕಾಣಲಿಲ್ಲ ಯವ್ವಾ. ನಾಕ್ ಕೌದಿ ತಂದಿದ್ದಾ, ಸುತ್ತಿದಾ. ‘ಹುಷಾರ್ರೋ, ಕೂಸಿನಂಗ ಹಿಡೀರಿ’ ಅಂತ ಹಮಾಲರನ್ನ ಬೈಯಾಕತ್ತಿದ್ದಾ.”

ಒಳಗಿನ ಖೋಲಿಯಲ್ಲಿ ಕಬ್ಬಿಣದ ಪೆಟ್ಟಿಗೆಯೊಂದು ಉಳಿದಿತ್ತು. ಅದರಿಂದ ಹೊರಟ ದಪ್ಪ ಕೇಬಲ್ ಗೋಡೆಯ ತೂತಿನಿಂದ ಹೊರಬಂದು, ಮಿಕ್ಸರ್ ಇದ್ದ ಜಾಗದಲ್ಲಿ ನೆಲಕ್ಕೆ ಬಿದ್ದಿತ್ತು.

“ಇದು ಅದರ ಕರೆಂಟಿನ ಪೆಟ್ಟಿಗಿ,” ಎಂದಳು ಯಾಸ್ಮೀನ. “ಫ್ಯಾನಿನ ಸಪ್ಪಳ ಮೈಕಿನ್ಯಾಗ ಬರ್ತೇತಂತ ಬ್ಯಾರೆ ಖೋಲ್ಯಾಗ ಇಡತೀವ್ರಿ. ಇದಿಲ್ಲಂದ್ರ ಆ ಮಿಕ್ಸರ್ ಬರೇ ತಗಡು.”

“ತಿಳೀಲಾರದ ಮಗಾ,” ಎಂದ ಕಾಸಿಮಸಾಬ. “ಗುಜರಿಗೆ ಹಾಕಾಕ ಒಯ್ದಾನ್ರಿ, ಮೇಡಮ್ಮರ.”

ಮುಂದಿನ ಐದು ದಿನ ಗುಜರಿ ಅಂಗಡಿ ತಿರುಗುವುದರಲ್ಲೇ ಕಳೆದವು. ಹಳೆಯ ಫ್ರಿಜ್ಜು, ಕೂಲರು, ಒಂದು ಕಡೆ ಹಾರ್ಮೋನಿಯಂ ಸಿಕ್ಕವು. ಮಿಕ್ಸರ್ ಇಲ್ಲ.

ಸೆಪ್ಟೆಂಬರ್ 27ರಂದು ಯಾಸ್ಮೀನಳ ಜೊತೆ ತಿಕೋಟಾದ ಸೋನಾಬಾಯಿ ಠಾಣೆಗೆ ಬಂದಳು. ಎಪ್ಪತ್ತರ ಹೆಂಗಸು, ಸೋಬಾನ ಪದ ಹಾಡುವ ಎಂಟು ಮಂದಿಯ ಮೇಳಕ್ಕೆ ಹಿರಿಯಳು. ಕೊರಳಿಗೆ ಸೆರಗು ಸುತ್ತಿಕೊಂಡಿದ್ದಳು.

“ಯವ್ವಾ, ಕೊರಳಾಗ ಗಂಟಾಗೇತಿ. ಆರನೇ ತಾರೀಖಿಗೆ ಮಿರಜದಾಗ ಕೊಯ್ತಾರ. ಆಮ್ಯಾಲ ದನಿ ಇರತೈತೋ ಇಲ್ಲೋ ಡಾಕ್ಟರಗೂ ಗೊತ್ತಿಲ್ಲ. ಅದರೊಳಗ ನನ್ನ ಪದಾ ಹಿಡದಿಡತೇನಿ ಅಂದಾಳ ಈ ಹುಡುಗಿ.”

“ಮೊಬೈಲಿನ್ಯಾಗ ಹಿಡೀಬಹುದಲ್ಲ ಅಜ್ಜಿ?”

ಯಾಸ್ಮೀನ ತಲೆಯಾಡಿಸಿದಳು. “ಅದರಾಗ ಎಂಟೂ ದನಿ ಕಲಸಿ ಹೋಗತಾವ್ರಿ. ನನ್ನ ಕಡೆ ಇರೋ ಸಣ್ಣ ರೆಕಾರ್ಡಿಂಗ್ ಪೆಟ್ಟಿಗಿಗೆ ಎರಡ ಮೈಕ್ ಹತ್ತತಾವ್ರಿ. ಒಬ್ಬೊಬ್ಬರನ್ನ ಕರದು ಹಾಡಸಬೇಕು. ಹಂಗ ಮಾಡಿ ನೋಡಿದ್ವಿ, ಅಜ್ಜಿಗೆ ಮುಂದಿನ ನುಡಿನ ಬರಲಿಲ್ಲ.”

“ಹೆಂಗ ಬರತೈತಿ?” ಸೋನಾಬಾಯಿ ಸಿಡುಕಿದಳು. “ನಾ ಎತ್ತಬೇಕು, ಅವರು ಹಿಡೀಬೇಕು. ಅವರು ಹಿಡದಾಗ ನನಗ ಮುಂದಿಂದು ನೆಪ್ಪಾಗತೈತಿ. ಗ್ವಾಡಿ ಮುಂದ ಕುಂತು ಹಾಡಾಕ ನನಗೇನು ದೆವ್ವ ಬಡದೇತೇನು?”

ಎಂಟು ಮಂದಿ ಎದುರುಬದುರು ಕೂರಬೇಕು, ಎಂಟು ಮೈಕು ಒಮ್ಮೆಗೇ ಬೇಕು. ಅದಕ್ಕೇ ಆ ಹಳೆಯ ಮಿಕ್ಸರ್. ಅದರಲ್ಲೂ ಮೈಕಿಗೊಂದು ಸಾಲಿನಂತಿದ್ದ ಹದಿನಾರು ಚಾನೆಲ್ಲುಗಳಲ್ಲಿ ಐದಕ್ಕೆ ಮಾತ್ರ ಜೀವವಿತ್ತಂತೆ. ಪುಣೆಯ ಮೆಕ್ಯಾನಿಕ್ ಬರುತ್ತೇನೆಂದು ಎರಡು ತಿಂಗಳಿಂದ ಹೇಳುತ್ತಲೇ ಇದ್ದನಂತೆ.

ಅವರು ಹೋದ ಮೇಲೆ ಆಮ್ರಪಾಲಿ ಪಂಚನಾಮೆಯ ಫೋಟೊಗಳನ್ನು ಮತ್ತೆ ಹರಡಿಕೊಂಡಳು. ಅವಳ ಅಜ್ಜಿ ಕಳ್ಳರ ಕತೆ ಹೇಳುವಾಗ ನಡುವೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: “ಒಯ್ದದ್ದು ಇರಲಿ, ಏನ್ ಬಿಟ್ಟ ಹೋದ ಹೇಳು?” ಉತ್ತರಕ್ಕಿಂತ ಮೊದಲು ಆಮ್ರಪಾಲಿಗೆ ನಿದ್ದೆ ಬರುತ್ತಿತ್ತು.

ಬಿಟ್ಟು ಹೋದದ್ದು ಪೆಟ್ಟಿಗೆ. ಕೇಬಲ್ಲಿನ ತುದಿಯ ಫೋಟೊ ದೊಡ್ಡದು ಮಾಡಿ ನೋಡಿದಳು. ಕತ್ತರಿಸಿರಲಿಲ್ಲ, ಎಳೆದಿರಲಿಲ್ಲ. ತಿರುಪಿನ ಉಂಗುರವನ್ನು ಬಿಚ್ಚಿ, ಧೂಳು ಹೋಗದಂತೆ ಅದರ ಟೊಪ್ಪಿಗೆಯನ್ನೂ ಹಾಕಿಟ್ಟಿದ್ದ.

“ಕಾಸಿಮಸಾಬ, ಇಂವ ತಿಳೀಲಾರದಾವ ಅಲ್ರಿ. ಎಲ್ಲಾ ತಿಳದಾವ.”

“ಹಂಗಾದ್ರ ಪೆಟ್ಟಿಗಿ ಯಾಕ ಬಿಟ್ಟಾ?”

“ಅಂವನ ಕಡೆ ಇನ್ನೊಂದ ಐತಿ.”

ಸೊಲ್ಲಾಪುರದ ಹಳೆಯ ಮಾಲೀಕರಿಗೆ ಫೋನ್ ಹೋಯಿತು. ಹೌದು, ಪೆಟ್ಟಿಗೆ ಎರಡಿದ್ದವು. ಕೆಟ್ಟು ಕೂತಿದ್ದ ಒಂದನ್ನು, ಎಂಟು ವರ್ಷದ ಹಿಂದೆ ಸ್ಟುಡಿಯೊ ಮುಚ್ಚುವಾಗ, ಅಲ್ಲಿ ದುಡಿಯುತ್ತಿದ್ದ ರಾಜಾರಾಮ ಕೇಳಿ ಒಯ್ದಿದ್ದ. ಊರು? ತಿಕೋಟಾ.

ಸೆಪ್ಟೆಂಬರ್ 29, ಬೆಳಿಗ್ಗೆ 10-30. ತಿಕೋಟಾದ ಬಸ್‌ಸ್ಟ್ಯಾಂಡಿನ ಹಿಂದೆ ರಾಜಾರಾಮನ ರೇಡಿಯೊ ರಿಪೇರಿ ಅಂಗಡಿ. ಐವತ್ತೆಂಟರ ಸಣಕಲು ಮನುಷ್ಯ, ಬೆರಳ ತುದಿಯೆಲ್ಲ ಸುಟ್ಟ ಕಲೆ.

“ಪೆಟ್ಟಿಗಿ ಎಲ್ಲೈತಿ?”

“ಗುಜರಿಗೆ ಹಾಕಿದೆ.”

“ಮಿಕ್ಸರ್ ನೋಡೀರೇನು ಈಚಿಗೆ?”

“ಎಂಟ ವರ್ಷ ಆತ್ರಿ.”

ಅಂಗಡಿಯಲ್ಲಿ ಏನೂ ಸಿಗಲಿಲ್ಲ. ಆಮ್ರಪಾಲಿ ಅವನ ಫೋಟೊ ತೆಗೆದುಕೊಂಡು ಬಂದು ಯಾಸ್ಮೀನಳಿಗೆ ತೋರಿಸಿದಳು. ಅವಳು ತುಟಿ ಕಚ್ಚಿದಳು.

“ಈ ಕಾಕಾ ಆಗಸ್ಟಿನ್ಯಾಗ ಬಂದಿದ್ರು. ‘ನಾ ಚಾಲೂ ಮಾಡಿ ಕೊಡ್ತೇನಿ, ನಿನ್ನ ಸಂಗತಿ ಕೆಲಸಕ್ಕ ಇಟ್ಕೊ’ ಅಂದ್ರು. ಪುಣೆದಾಂವ ಬರಾವ ಇದ್ದಾನ, ನಿಮ್ಮಿಂದ ಆಗೂದಿಲ್ಲ ಅಂದು ಕಳಸಿದೆ. ಚಾ ಸುದ್ದಾ ಕೇಳಲಿಲ್ರಿ ನಾ.”

“ಹಿಡಕೊಂಡ ಬರೋಣೇನ್ರಿ?” ಎಂದ ಕಾಸಿಮಸಾಬ.

“ಸುಳ್ಳು ಹೇಳ್ಯಾನ, ಖರೆ. ಮಾಲು ಸಿಗದ ಹಿಡದ್ರ, ಅಂವನ ಕಡೆಯವರು ಹೆದರಿ ಬಾವ್ಯಾಗ ನೂಕಿದ್ರ? ಅಜ್ಜಿ ಪದಾ ಅಲ್ಲೇ ಮುಳಗತಾವ.”

ಹಬ್ಬದ ಬಂದೋಬಸ್ತಿನಲ್ಲಿ ಎರಡು ದಿನ ಹೋದವು. ಠಾಣೆಯಲ್ಲೂ ಖಂಡೆ ಪೂಜೆ ಆಯಿತು. ಬಂದೂಕು, ಲಾಠಿ, ಜೀಪಿಗೆಲ್ಲ ಹೂ ಬಿದ್ದವು. ತನ್ನ ಪೆನ್ನನ್ನೂ ಬಂದೂಕಿನ ಸಾಲಿಗಿಟ್ಟ ಕಾಸಿಮಸಾಬ, “ನಾ ಗುಂಡ ಹೊಡದದ್ದು ಎರಡ ಸಲ, ಎಫ್‌ಐಆರ್ ಬರದದ್ದು ಎರಡ ಸಾವಿರ. ನನ್ನ ಆಯುಧ ಇದ” ಎಂದು ನಗಿಸಿದ. ನಗುತ್ತಿದ್ದ ಆಮ್ರಪಾಲಿಯ ಕಣ್ಣು ಆ ಪೆನ್ನಿನ ಮೇಲೆ ನಿಂತಿತು. ಖಂಡೆ ಪೂಜೆ ಬಿಡುವ ಕಸುಬುದಾರ ಈ ಜಿಲ್ಲೆಯಲ್ಲಿ ಇಲ್ಲ; ರಾಜಾರಾಮನ ಸಾಮಾನು ಪೂಜೆಗೆ ಕೂತಲ್ಲೇ ಮಿಕ್ಸರೂ ಇರಬೇಕು. ದಸರೆಯ ದಿನ ಬನ್ನಿ ಕೊಡಲು ಬಂದವರಿಗೆ ಬಾಗಿಲು ಹಾಕುವವರೂ ಇಲ್ಲ.

ಅಕ್ಟೋಬರ್ 2, ಗುರುವಾರ, ಮಧ್ಯಾಹ್ನ 3-40. ಮಫ್ತಿಯಲ್ಲಿ, ಕೈಯಲ್ಲಿ ಬನ್ನಿ ಎಲೆ ಹಿಡಿದು ಇಬ್ಬರೂ ತಿಕೋಟಾದಲ್ಲಿ ಇಳಿದರು. ಅಂಗಡಿಗೆ ಹತ್ತಿಕೊಂಡಿದ್ದ ಮನೆಯಲ್ಲಿ ರಾಜಾರಾಮನ ಹೆಂಡತಿ ರೇಣುಕವ್ವ ಬನ್ನಿ ತಗೊಂಡು, ಕೊಟ್ಟು, ಕೂರಲು ಚಾಪೆ ಹಾಸಿದಳು. ಆಮ್ರಪಾಲಿ ಅಂಗಡಿಯ ಕಡೆ ಕಣ್ಣು ಹಾಯಿಸಿದಳು. ಪಕ್ಕದ ಸೈಕಲ್ ಅಂಗಡಿಯಲ್ಲಿ ಪಾನಾ, ಪಂಪು ಎಲ್ಲ ಕುಂಕುಮ ಹಚ್ಚಿಕೊಂಡು ಸಾಲಾಗಿದ್ದವು. ಇಲ್ಲಿ ಒಂದು ಸ್ಕ್ರೂಡ್ರೈವರೂ ಇರಲಿಲ್ಲ.

“ಈ ಸಲ ಪೂಜಿ ಮಾಡಿಲ್ಲೇನ ಅವ್ವಾರ?”

“ಅಯ್ಯ, ಬಿಡತಾರೇನ್ರಿ? ಸಾಮಾನೆಲ್ಲ ಬಬಲೇಶ್ವರಕ್ಕ ಒಯ್ದಾರ, ಅವರಕ್ಕನ ಮನಿಗೆ. ಕೆಲಸ ಎಲ್ಲಿ ನಡದೇತಿ ಪೂಜಿ ಅಲ್ಲೇ ಆಗಬೇಕು ಅಂತಾರ. ಹತ್ತ ದಿನದಿಂದ ದಿನಾ ಅಲ್ಲಿಗೇ ಹೋಗಿ ಬರತಾರ.”

ಕಾಸಿಮಸಾಬ ಚಹಾ ಕುಡಿಯದೇ ಎದ್ದ. ಅವನ ಮೂವತ್ತು ವರ್ಷದ ಸೇವೆಯಲ್ಲಿ ಅದೇ ಮೊದಲು.

ಸಂಜೆ 5-10ಕ್ಕೆ ಬಬಲೇಶ್ವರದ ಊರ ಹೊರಗಿನ ಮನೆ. ಬಾಗಿಲಿಗೆ ಬಂದ ರಾಜಾರಾಮ ಬನ್ನಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡ. ಕಣ್ಣು ತೆರೆದಾಗ ಯಾರೆಂದು ಗುರುತು ಹತ್ತಿತು.

ಅವನ ಬೆನ್ನ ಹಿಂದೆ, ಉಳ್ಳಾಗಡ್ಡಿ ಹಾಕುವ ಖೋಲಿಯಲ್ಲಿ, ಕೌದಿಯ ಮೇಲೆ ಕೂತಿತ್ತು ಮಿಕ್ಸರ್, ಪಕ್ಕದಲ್ಲೇ ಗುಜರಿಗೆ ಹಾಕಿದೆನೆಂದಿದ್ದ ಪೆಟ್ಟಿಗೆ. ಚೆಂಡು ಹೂವಿನ ಸರ, ಮುಂದೆ ಬೆಸುಗೆ ಹಾಕುವ ಕಡ್ಡಿ, ಇಕ್ಕಳ, ಮೀಟರ್. ಹದಿನಾರು ಸಾಲಿಗೂ ಒಂದೊಂದು ಕುಂಕುಮದ ಬೊಟ್ಟು, ಬೊಟ್ಟಿನ ಮೇಲೆ ಒಂದೊಂದು ಹಸಿರು ದೀಪ. ಹದಿನಾರೂ ಉರಿಯುತ್ತಿದ್ದವು.

“ಹೊತ್ತ ಮುಣಗೂತನಕ ಎತ್ತಬ್ಯಾಡ್ರಿ,” ಎಂದ ರಾಜಾರಾಮ. “ಪೂಜಿ ಮುರದಂಗ ಆಗತೈತಿ.”

ಜಪ್ತಿ ಪಂಚನಾಮೆ ಬರೆದು, ವಿಡಿಯೊ ಮಾಡಿ ಮುಗಿಸಲು ಹೇಗೂ ಅಷ್ಟು ಹೊತ್ತು ಬೇಕಿತ್ತು. ಸಂಜೆ 6-25ಕ್ಕೆ ಬಂಧನ.

“ಯಾಕ ಒಯ್ದ್ರಿ?”

“ಇಪ್ಪತ್ತೆರಡ ವರ್ಷ ಅದರ ಒಳಗ ಕೈ ಹಾಕೇನ್ರಿ. ಕೆಟ್ಟಾಗೊಮ್ಮೆ ನನ್ನ ಕರೀತಿದ್ರು. ಹಾಡು ಶುರು ಆದ ಕೂಡಲೆ ಹೊರಗ ಕಳಸ್ತಿದ್ರು. ಹಾಡು ನಡದಾಗ ಮ್ಯಾಲಿನ ಗುಂಡಿಗೆ ಕೈ ಹಚ್ಚಾಕ ಒಬ್ರೂ ಕೊಡಲಿಲ್ಲ.” ಅವನು ಸುಟ್ಟ ಬೆರಳುಗಳನ್ನು ನೋಡಿಕೊಂಡ. “ಆ ಹುಡಿಗಿನೂ ಆಗೂದಿಲ್ಲ ಅಂದ್ಲು. ಒಂದ ಸಲ ಎಲ್ಲಾ ಚಾಲೂ ಮಾಡಿ, ಯಾರರ ಹಾಡಿದ್ದು ಕೇಳಿ, ತಿರುಗಿ ಕೊಡಾವಿದ್ದೆ. ನಂಬೂದು ಬಿಡೂದು ನಿಮಗ ಬಿಟ್ಟದ್ದು.”

ಆಮ್ರಪಾಲಿ ಹೇಳಿಕೆಯನ್ನು ಹೇಳಿದಂತೆಯೇ ಬರೆದುಕೊಂಡಳು.

ಮರುದಿನ ಅವನನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಶನಿವಾರ ಜಾಮೀನಾಯಿತು: ಫಿರ್ಯಾದಿಯನ್ನು ಸಂಪರ್ಕಿಸಬಾರದು, ತನಿಖೆಗೆ ಸಹಕರಿಸಬೇಕು. ಅದೇ ದಿನ ಮಿಕ್ಸರ್ ಯಾಸ್ಮೀನಳ ಮಧ್ಯಂತರ ಸುಪರ್ದಿಗೆ ಬಂತು.

ಅಕ್ಟೋಬರ್ 5, ಭಾನುವಾರ. ಸುಪರ್ದಿನಾಮೆಗೆ ಸಹಿ ಹಾಕಿಸಲು ಇಬ್ಬರೂ ಜೋರಾಪುರ ಪೇಟೆಗೆ ಹೋದಾಗ ಎಂಟು ಮಂದಿ ಹೆಂಗಸರು ದುಂಡಗೆ ಕೂತಿದ್ದರು. ಎಂಟು ಮೈಕು. ಸೋನಾಬಾಯಿ ಎತ್ತಿದಳು:

“ಏಳೂರ ನೀರ ಒಂದ ಕೊಡದಾಗ ತಂದೇವ,
ತಣ್ಣಗಿರಲೆವ್ವ ತವರೂರ...”

ಏಳು ದನಿ ಹಿಡಿದವು. ಅಷ್ಟರಲ್ಲಿ ಐದನೇ ಚಾನೆಲ್ ಕರಕರ ಎಂದಿತು. ಯಾಸ್ಮೀನ ನಿಲ್ಲಿಸಿದಳು. ಮತ್ತೆ ಶುರು, ಮತ್ತೆ ಕರಕರ. ಸೋನಾಬಾಯಿ ಕೊರಳು ಸವರಿಕೊಂಡಳು.

“ಆ ಕಾಕಾಗ ಗೊತ್ತಿರತೈತಿ,” ಎಂದಳು ಯಾಸ್ಮೀನ. “ನಾ ಫೋನ್ ಮಾಡೂಹಂಗಿಲ್ಲ, ಹೌದಲ್ರಿ?”

“ನೀ ಮಾಡೂಹಂಗಿಲ್ಲ,” ಎಂದಳು ಆಮ್ರಪಾಲಿ. ತನ್ನ ಫೋನ್ ತೆಗೆದಳು. ಸಮಯ 10-40.

“ರಾಜಾರಾಮ, ತನಿಖಾಧಿಕಾರಿ ಮಾತಾಡಾಕತ್ತೇನಿ. ಐದನೇ ಚಾನೆಲ್ ಕರಕರ ಅಂತೈತಿ, ಯಾಕ?”

ಆ ಕಡೆಯಿಂದ ಕೂಡಲೇ ಉತ್ತರ ಬಂತು. “ಮ್ಯಾಲ ಕೆಳಗ ಜಾರೂ ಗುಂಡಿ ಐತಲ್ರಿ, ಅದನ್ನ ಇಪ್ಪತ್ತ ಸಲ ಆಡಸ್ರಿ. ಎಂಟ ವರ್ಷದ ಹಟಾ ಅದರದ್ದು.”

ಯಾಸ್ಮೀನ ಆಡಿಸಿದಳು. ಕರಕರ ಹೋಯಿತು. ಪದ ಮತ್ತೆ ಎದ್ದಿತು, ಈ ಸಲ ನಿಲ್ಲಲಿಲ್ಲ. ಆಮ್ರಪಾಲಿ ಫೋನನ್ನು ಸ್ಪೀಕರಿಗೆ ಹಾಕಿ, ಹಾಡು ಕೇಳಿಸುವ ಡಬ್ಬಿಗಳ ಎದುರು ಮಿಕ್ಸರಿನ ಅಂಚಿಗೆ ಇಟ್ಟಳು. ಎರಡು ನುಡಿ ಕಳೆದ ಮೇಲೆ ಮೆಲ್ಲಗೆ ದನಿ ಬಂತು.

“ಸಣ್ಣ ದನಿಯಾಕಿ ಒಬ್ಬಾಕಿ ಭಾಳ ಮುಂದಾಗ್ಯಾಳ್ರಿ. ಆಕೀನ್ನ ಒಂದ ಕಡ್ಡಿಯಷ್ಟ ಹಿಂದ ಸರಸ್ರಿ. ಅಜ್ಜಿನ್ನ ಮ್ಯಾಲ ತರ್ರಿ. ಇನ್ನಷ್ಟು. ಹಾಂ. ಅಲ್ಲೇ ಬಿಡ್ರಿ.”

ಯಾಸ್ಮೀನಳ ಬೆರಳು ಅವನು ಹೇಳಿದಲ್ಲಿಗೆ ಹೋಗಿ, ಹೇಳಿದಲ್ಲೇ ನಿಂತಿತು. ಸೋನಾಬಾಯಿಯ ದನಿ ಏಳು ದನಿಗಳ ನಡುವಿನಿಂದ ಎದ್ದು ಖೋಲಿ ತುಂಬಿತು.

ಕಾಸಿಮಸಾಬ ಕೇಸ್ ಡೈರಿ ಬಿಚ್ಚಿ ಆಮ್ರಪಾಲಿಯ ಕಿವಿಯ ಹತ್ತಿರ ಬಗ್ಗಿದ. “ಮೇಡಮ್ಮರ, ಇದಕ್ಕ ಏನಂತ ಬರೀಲಿ?”

“ಆರೋಪಿ ತನಿಖೆಗೆ ಸಹಕರಿಸಿದ ಅಂತ ಬರೀರಿ.”