ಬಾಗಿಲ ಮೇಲಿನ ಜಮಖಾನ

“ಬಾ... ಬಾ... ಇಳಿ ಅಂದ್ರೆ!”

ಅಮೀರಾ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಜಮಖಾನವನ್ನು ಜಗ್ಗಿದಳು. ಬಾಗಿಲ ಮೇಲಿನ ಹಲಗೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ಆ ಕೆಂಪು ಜಮಖಾನ ಮೊದಲು ಒಂದು ಗೇಣು ಸರಿಯಿತು. ಆಮೇಲೆ ಒಮ್ಮೆಲೇ ಧೊಪ್ಪನೆ ಅವಳ ಹೆಗಲ ಮೇಲೆ ಬಿತ್ತು. ಸ್ಟೂಲು ಒಂದು ಕಡೆ, ಅಮೀರಾ ಒಂದು ಕಡೆ.

ಮೂಗಿನ ತುಂಬ ಧೂಳು. ಸೀನು ಬರುವುದರಲ್ಲಿತ್ತು. ಮೂಗು ಒತ್ತಿ ಹಿಡಿದುಕೊಂಡಳು. ಅಂಗಳದಾಚೆಯ ಅಡುಗೆಮನೆಯಲ್ಲಿ ಅಮ್ಮ ಕಾಫಿ ಬೀಜ ಹುರಿಯುತ್ತಿದ್ದಳು. ಅಕ್ಕ ಝೆಕಿಯಾ ಆಗಲೇ ಶಿಶುವಿಹಾರಕ್ಕೆ ಹೋಗಿದ್ದಳು. ಅಲ್ಲಿ ಅವಳು ಟೀಚರ್. ಅಪ್ಪ ಲಾರಿ ತೆಗೆದುಕೊಂಡು ದಿರೆ ದಾವಾಕ್ಕೆ ಹೋಗಿ ಎರಡು ದಿನವಾಗಿತ್ತು.

“ಅಮೀರಾ! ಏನದು ಸದ್ದು?”

“ಏನಿಲ್ಲಮ್ಮ! ಬ್ಯಾಗ್ ಬಿತ್ತು!”

ಜಮಖಾನವನ್ನು ಎಳೆದುಕೊಂಡು ಹೋಗಿ ಪಕ್ಕದ ಚಿಕ್ಕ ಕೋಣೆಯಲ್ಲಿ ಜೋಳದ ಚೀಲಗಳ ಹಿಂದೆ ತುರುಕಿದಳು. ಮೇಲೆ ಹಳೆಯ ಹೊದಿಕೆ ಎಸೆದಳು. ಬ್ಯಾಗ್ ಏರಿಸಿಕೊಂಡು ಸ್ಕೂಲಿಗೆ ಓಡಿದಳು.

ಮೊನ್ನೆ ರಾತ್ರಿಯಿಂದ ಅವಳಿಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಊಟಕ್ಕೆ ಕೂತರೆ ಎದ್ದುಬಿಡಬೇಕು ಅನ್ನಿಸುತ್ತಿತ್ತು. ಎದ್ದರೆ ಎಲ್ಲಿಗೆ ಹೋಗುವುದು ಎಂದು ಗೊತ್ತಾಗುತ್ತಿರಲಿಲ್ಲ. ಪೆನ್ಸಿಲಿನ ಹಿಂಭಾಗವನ್ನೆಲ್ಲ ಕಚ್ಚಿ ಕಚ್ಚಿ ಚೂರು ಮಾಡಿದ್ದಳು. “ಶುಕ್ರವಾರ ಬದ್ರೊ ಬಾಗಿಲ ಕಡೆಯವರು ಝೆಕಿಯಾಳ್ನ ಕೇಳಕ್ಕೆ ಬರ್ತಾರಂತೆ” ಎಂದು ಅಮ್ಮ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಬದ್ರೊ ಬಾಗಿಲೆಂದರೆ ಊರ ಕೋಟೆಯ ಒಂದು ಬಾಗಿಲು; ಅದರ ಸುತ್ತಲ ಕೇರಿಗೂ ಅದೇ ಹೆಸರು.

ಕೇಳುವುದಂತೆ! ಅಕ್ಕ ಏನು ಸಕ್ಕರೆಯೇ, ಒಂದು ಬಟ್ಟಲು ಕೇಳಿ ತೆಗೆದುಕೊಂಡು ಹೋಗಲು?

ಹರಾರ್ ಪಟ್ಟಣದ ಹಳೆಯ ಮನೆಗಳಲ್ಲಿ ಬಾಗಿಲ ಮೇಲೆ ಸುತ್ತಿಟ್ಟ ಜಮಖಾನ ಇದ್ದರೆ, ಮದುವೆ ವಯಸ್ಸಿಗೆ ಬಂದ ಹುಡುಗಿ ಆ ಮನೆಯಲ್ಲಿ ಇದ್ದಾಳೆ ಎಂದರ್ಥ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಂದವರು ಒಳಗಿನ ಕೆಂಪು ಜಗಲಿಯ ಮೇಲೆ ಕೂತು, ಬಾಗಿಲ ಕಡೆ ಒಮ್ಮೆ ತಲೆಯೆತ್ತಿದರೆ ಸಾಕು. ಅಮೀರಾಳ ಲೆಕ್ಕ ಸುಲಭವಾಗಿತ್ತು. ಜಮಖಾನ ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಅಕ್ಕ ಹೋಗುವುದಿಲ್ಲ.

ಮಧ್ಯಾಹ್ನ ಸ್ಕೂಲು ಬಿಟ್ಟಿತು. ದರ್ಜಿಗಳ ಓಣಿಗೆ ಬಂದಾಗ ಹೊಲಿಗೆ ಯಂತ್ರಗಳು ಎಂದಿನಂತೆ ಗಿರಗಿರ ಎನ್ನುತ್ತಿದ್ದವು. ಅವಳನ್ನು ಕಂಡದ್ದೇ ಮೊದಲನೆಯ ಯಂತ್ರ ನಿಂತಿತು. ಮುದುಕ ದರ್ಜಿ ಕನ್ನಡಕದ ಮೇಲಿಂದ ನೋಡಿದ.

“ಏನಮ್ಮಾ, ಸಿಹಿ ಎಲ್ಲಿ?”

“ಯಾವ ಸಿಹಿ ತಾತ?”

“ನೋಡು ಕಳ್ಳಿ! ಏನೂ ಗೊತ್ತೇ ಇಲ್ದಿರೋ ಥರ!”

ಮುಂದಿನ ತಿರುವಿನಲ್ಲಿ ಅವಳ ಕ್ಲಾಸಿನ ಹಿಂದಿಯಾ ಮನೆ ಮೆಟ್ಟಿಲ ಮೇಲೆ ಕೂತು ಮಾವಿನ ಹಣ್ಣು ಚೀಪುತ್ತಿದ್ದಳು. “ಥೂ, ನಂಗೂ ಹೇಳ್ಲಿಲ್ಲ ಅಲ್ವಾ! ನಿನ್ ಜೊತೆ ಟೂ!” ಎಂದು ಕಿರುಬೆರಳು ತೋರಿಸಿದಳು.

“ಏನು ಹೇಳ್ಬೇಕಿತ್ತೇ?”

“ನಿಮ್ಮಕ್ಕಂಗೆ ಮದುವೆ ಫಿಕ್ಸ್ ಆಯ್ತಂತಲ್ಲ! ನಿಮ್ಮನೆ ಜಮಖಾನ ಇಳಿಸಿದ್ರಂತೆ. ಇಡೀ ಊರಿಗೆ ಗೊತ್ತು.”

ಅಮೀರಾಳ ಕಾಲುಗಳು ಅಲ್ಲೇ ನಿಂತುಬಿಟ್ಟವು. ಮಾತು ಕೊಟ್ಟಾದ ಮೇಲೆ ಜಮಖಾನ ಇಳಿಸುತ್ತಾರೆ. ಹೋದ ವರ್ಷ ಹಿಂದಿಯಾಳ ಚಿಕ್ಕಮ್ಮನ ಮದುವೆ ಗೊತ್ತಾದಾಗ ಹಾಗೇ ಮಾಡಿದ್ದರು. ಅವಳೇ ಹೋಗಿ ಹಲ್ವ ತಿಂದು ಬಂದಿದ್ದಳು. ಅದು ಹೇಗೆ ಮರೆತೇಹೋಯಿತು?

ಉಳಿದ ದಾರಿಯನ್ನು ಅವಳು ಓಡಿದಳು.

ಮನೆಯ ಬಾಗಿಲಲ್ಲಿ ಹತ್ತು ಹದಿನೈದು ಜೊತೆ ಚಪ್ಪಲಿ. ಮದುವೆಗಾಗಲಿ ಸಾವಿಗಾಗಲಿ ಒಟ್ಟಿಗೆ ಕೂಡುವ ಓಣಿಯ ಹೆಂಗಸರೆಲ್ಲ ಜಗಲಿಯ ಮೇಲೆ ಸಾಲಾಗಿ ಕೂತಿದ್ದರು. ಪಕ್ಕದ ಮನೆಯ ಕುಲ್ಸೂಮ್ ಚಿಕ್ಕಮ್ಮ ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿದ್ದಳು. ಅಮ್ಮ ನಡುವೆ ನಿಂತು ಕೆಂಪಗಾಗಿದ್ದಳು.

“ಗೋಡೆಗೆ ಗೋಡೆ ಅಂಟ್ಕೊಂಡಿದೆ ನಮ್ಮನೆ,” ಎನ್ನುತ್ತಿದ್ದಳು ಕುಲ್ಸೂಮ್. “ಜರಡಿ ಕೇಳಕ್ಕೆ ಬಂದು ನಾನೇ ಕಣ್ಣಾರೆ ನೋಡ್ಬೇಕಾಯ್ತು. ನೆಫೀಸಾ, ನಂಗೆ ಮೊದ್ಲು ಹೇಳ್ಬಾರ್ದಿತ್ತಾ ನೀನು?”

“ಅಯ್ಯೋ, ಯಾರಿಗೂ ಮಾತು ಕೊಟ್ಟಿಲ್ಲ ಕಣೇ! ನಂಗೇ ಗೊತ್ತಿಲ್ಲ ಅದು ಎಲ್ಲಿ ಹೋಯ್ತು ಅಂತ.”

“ಜಮಖಾನಕ್ಕೆ ಕಾಲು ಬಂತಾ ಹಾಗಾದ್ರೆ?”

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬಾಕೆ ಕೇಳಿದಳು, “ಹುಡುಗ ಯಾರು ಅಂತನಾದ್ರೂ ಹೇಳು. ಬದ್ರೊ ಬಾಗಿಲ ರೆದ್ವಾನ್ ಅಲ್ಲ ತಾನೇ?”

“ಅವನಲ್ಲ ಬಿಡಿ,” ಎಂದಳು ಕುಲ್ಸೂಮ್. “ಹಿಟ್ಟಿನ ಗಿರಣೀಲಿ ಅವನ ತಾಯಿ ಸಿತ್ತಿನಾ ಸಿಕ್ಕಿದ್ಲು. ಹೇಳಿದ್ದಕ್ಕೆ ಮುಖ ಇಷ್ಟುದ್ದ ಆಯ್ತು. ‘ಬೇರೆ ಕಡೆ ಮಾತಾಗಿದ್ರೆ ಆಯ್ತು. ಶುಕ್ರವಾರ ನಾವು ಬಂದು ಮಾಡೋದೇನು?’ ಅಂದ್ಲು.”

ಆಗಷ್ಟೇ ಒಳಗೆ ಬಂದಿದ್ದ ಝೆಕಿಯಾ ಹೊಸ್ತಿಲಲ್ಲೇ ನಿಂತಿದ್ದಳು. ಚಪ್ಪಲಿ ಬಿಟ್ಟು, ಎಲ್ಲರಿಗೂ ಸಲಾಂ ಹೇಳಿ, ನೇರವಾಗಿ ಚಿಕ್ಕ ಕೋಣೆಗೆ ಹೋದಳು. ಅಮೀರಾ ಹಿಂದೆಯೇ ಹೋದಳು.

ಅಕ್ಕ ಚೀಲಕ್ಕೆ ಒರಗಿ ನೆಲದ ಮೇಲೆ ಕುಸಿದಳು. ಹಳೆಯ ಹೊದಿಕೆ ಜಾರಿತು. ಅಡಿಯಿಂದ ಜಮಖಾನದ ಕೆಂಪು ಅಂಚು ಕಾಣಿಸಿತು. ಅದನ್ನೇ ಸ್ವಲ್ಪ ಹೊತ್ತು ನೋಡಿದಳು.

“ನೀನಾ?”

ಬೈದಿದ್ದರೆ ಅಮೀರಾ ತಿರುಗಿ ಏನಾದರೂ ಹೇಳುತ್ತಿದ್ದಳು. ಅಕ್ಕ ಬೈಯಲಿಲ್ಲ.

“ಅವ್ರು ಬರೋದು ಬೇಡ ಅಂತ... ನಿನ್ನ ಕರ್ಕೊಂಡು ಹೋಗ್ಬಿಡ್ತಾರಲ್ಲ.”

“ಯಾರೂ ನನ್ನ ಕರ್ಕೊಂಡು ಹೋಗ್ತಿರ್ಲಿಲ್ಲ ಅಮೀರಾ.” ಝೆಕಿಯಾ ಹೊದಿಕೆಯ ದಾರವೊಂದನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ನಾನೇ ಬನ್ನಿ ಅಂದಿದ್ದೆ. ಶಿಶುವಿಹಾರದ ಹರಿದ ಪುಸ್ತಕ ಎಲ್ಲ ಹೊಲಿದು ಕೊಡೋದು ಆ ರೆದ್ವಾನ್ ಅವರೇ. ಆರು ತಿಂಗಳಿಂದ ಬರ್ತಾರೆ. ನಮ್ಮಲ್ಲಿ ಹರಿದಿರೋ ಪುಸ್ತಕ ಎಲ್ಲ ಮುಗ್ದೋಯ್ತು. ಆಮೇಲೆ ನಾನೇ ಎರಡು ಹರಿದೆ.”

“ಬೇಕಂತಲೇ?”

“ಹೂಂ. ಬೇಕಂತಲೇ.”

ಅಮೀರಾ ಅಕ್ಕನನ್ನು ದಿಟ್ಟಿಸಿದಳು. ನೋಟ್‌ಬುಕ್ಕಿನ ಹಾಳೆ ಮೂಲೆ ಮಡಚಿದರೆ ಕೂಗಾಡುವ ಅಕ್ಕ! ದಿನಾ ಪಕ್ಕದಲ್ಲೇ ಮಲಗಿ ಏಳುವ ಇವಳ ಒಳಗೆ ತನಗೆ ಗೊತ್ತಿಲ್ಲದ ಇನ್ನೊಂದು ಕೋಣೆ ಇದೆ, ಅದರ ಬಾಗಿಲು ಈಗ ಒಂದಿಷ್ಟೇ ತೆರೆಯಿತು ಅನ್ನಿಸಿತು.

“ನಡಿ, ಹೋಗಿ ಹೇಳ್ಬಿಡೋಣ. ಸುಳ್ಳು ಅಂತ ಹೇಳೋಣ.”

“ಹೆಣ್ಣಿನ ಕಡೆಯವರು ನಾವಾಗಿ ಹೋಗಿ ‘ಬನ್ನಿ, ಕೇಳಿ’ ಅಂತ ಹೇಳಕ್ಕಾಗತ್ತಾ? ಅಮ್ಮ ಸತ್ರೂ ಹೋಗಲ್ಲ. ನಾನೂ ಹೋಗಲ್ಲ.” ಝೆಕಿಯಾ ಮುಖ ತಿರುಗಿಸಿದಳು. “ಎರಡು ದಿನದಿಂದ ನಂಗೆ ನಿದ್ದೆ ಬಂದಿಲ್ಲ. ಹೋಗೋದು ಅಂದ್ರೆ ಹೆದ್ರಿಕೆ. ಈಗ ಹೋಗಲ್ಲ ಅಂದ್ರೆ...”

ಅವಳು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು.

ಅಮೀರಾ ಹಿಂಬಾಗಿಲಿನಿಂದ ಹೊರಬಿದ್ದಳು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ನೀಲಿ ಗೋಡೆ, ಹಸಿರು ಗೋಡೆ, ಹೊಸದಾಗಿ ಸುಣ್ಣ ಬಳಿದ ಗೋಡೆ. ಮೊಣಕೈ ತಾಗಿ ತೋಳೆಲ್ಲ ಬಿಳಿಯಾಯಿತು. ಏನು ಹೇಳುವುದು? ಸಾರಿ ಅನ್ನುವುದೇ? ಸುಳ್ಳು ಹೇಳಲೇ? ಇಲಿ ಜಮಖಾನ ಕಡಿಯಿತು ಅಂದರೆ? ಯೋಚನೆ ಅವಳಿಗಿಂತ ಜೋರಾಗಿ ಓಡುತ್ತಿತ್ತು.

ರಾಜಿ ಓಣಿಗೆ ನುಗ್ಗಿದಳು. ಊರಿನ ಎಲ್ಲ ಓಣಿಗಳಿಗಿಂತ ಇಕ್ಕಟ್ಟಾದದ್ದು ಅದು. ಎದುರು ಬದುರು ಬಂದ ಇಬ್ಬರು ಒಬ್ಬರನ್ನೊಬ್ಬರು ಮಾತಾಡಿಸದೆ ದಾಟುವಂತಿಲ್ಲ. ಮಾತು ಬಿಟ್ಟವರೂ ಅಲ್ಲಿ “ಸ್ವಲ್ಪ ಜಾಗ ಬಿಡಿ” ಎನ್ನಲೇಬೇಕು.

ಅರ್ಧ ದಾರಿಯಲ್ಲಿ ಎದುರಿಗೆ ಹಿಟ್ಟಿನ ಬುಟ್ಟಿ ಹೊತ್ತ ಎತ್ತರದ ಹೆಂಗಸು. ಗಿರಣಿಯಲ್ಲಿ ಎಷ್ಟೋ ಸಲ ಕಂಡಿದ್ದ ಸಿತ್ತಿನಾ!

“ಪಕ್ಕಕ್ಕೆ ಸರಿ ಮಗು.”

ಅಮೀರಾ ಸರಿಯಲಿಲ್ಲ. ಉಸಿರು ಸಿಗುತ್ತಿರಲಿಲ್ಲ. “ದೊಡ್ಡಮ್ಮ... ಜಮಖಾನ... ನಾನು ಇಳಿಸಿದ್ದು. ಅಮ್ಮ ಅಲ್ಲ. ಯಾರಿಗೂ ಮಾತು ಕೊಟ್ಟಿಲ್ಲ. ನಾನೇ. ಸ್ಟೂಲ್ ಹಾಕ್ಕೊಂಡು.”

ಸಿತ್ತಿನಾ ಬುಟ್ಟಿಯನ್ನು ತಲೆಯಿಂದ ಸೊಂಟಕ್ಕೆ ಇಳಿಸಿದಳು. “ನೀನು ನೆಫೀಸಾಳ ಚಿಕ್ಕವಳಲ್ವಾ? ನಿಮ್ಮಮ್ಮ ಕಳಿಸಿದ್ಲಾ?”

“ಇಲ್ಲ! ನಾನು ಬಂದಿದ್ದು ಗೊತ್ತಾದ್ರೆ ಕಾಲು ಮುರೀತಾಳೆ.”

“ಯಾಕೆ ಇಳಿಸಿದೆ? ನನ್ನ ಮಗ ಅಷ್ಟು ಕೆಟ್ಟವನಾ?”

“ಅವರನ್ನ ನಾನು ನೋಡೇ ಇಲ್ಲ. ಅಕ್ಕ ಹೋಗ್ಬಾರ್ದು ಅಂತ ಇಳಿಸಿದೆ.” ಅಮೀರಾ ತೋಳಿನ ಸುಣ್ಣ ಉಜ್ಜಿದಳು. “ಈಗ ಅವಳು ಚೀಲಕ್ಕೆ ಒರಗಿ ಕೂತಿದಾಳೆ.”

ಹಿಂದಿನಿಂದ ಸೌದೆ ಹೊರೆ ಹೊತ್ತವಳೊಬ್ಬಳು ಬಂದು “ದಾರಿ ಬಿಡ್ರೇ” ಎಂದಳು. “ತಡಿಯೇ, ಮಾತಾಡ್ತಿದೀವಿ” ಎಂದು ಸಿತ್ತಿನಾ ತಿರುಗದೆಯೇ ಗದರಿದಳು.

ಆಮೇಲೆ ಅಂದಳು, “ನಾನು ಮದುವೆಯಾಗಿ ಬಂದಿದ್ದು ಹಿಂದಿನ ಓಣಿಯಿಂದ. ನನ್ನ ತಮ್ಮ ಒಂದು ವಾರ ಸಂಜೆ ಆದ್ರೆ ಸಾಕು, ನನ್ನ ಹೆಸರು ಹಿಡಿದು ಕೂಗಿ ಕೂಗಿ ಅಳೋನು. ಮಾಳಿಗೆ ದಾಟಿ ನಂಗೆ ಕೇಳಿಸ್ತಿತ್ತು. ಹೊಸ ಸೊಸೆ, ಹೊರಗೆ ಹೋಗೋ ಹಾಗಿಲ್ಲ. ಕಿವಿಗೆ ದಿಂಬು ಒತ್ಕೋತಿದ್ದೆ.”

“ಆಮೇಲೆ?”

“ಆಮೇಲೇನು! ಎಂಟನೇ ದಿನ ಅವನು ಆಟಕ್ಕೆ ಹೋದ. ಆ ದಿನ ಅತ್ತಿದ್ದು ನಾನು.” ಅವಳು ಬುಟ್ಟಿಯನ್ನು ಮತ್ತೆ ತಲೆಗೇರಿಸಿದಳು. “ನಡಿ ಮನೆಗೆ. ನಾನು ನಿನ್ನ ನೋಡಿಲ್ಲ, ನೀನು ನನ್ನ ನೋಡಿಲ್ಲ. ಹಲಗೆ ಮೇಲೆ ಏನಿರ್ಬೇಕೋ ಅದಿದ್ರೆ ಕುಲ್ಸೂಮೇ ನಂಗೆ ಹೇಳ್ತಾಳೆ. ಅವಳ ಬಾಯಿಂದ ಒಂದು ಒಳ್ಳೆ ಕೆಲ್ಸಾನೂ ಆಗ್ಲಿ.”

ಜಮಖಾನ ಆ ಸಂಜೆಯೇ ಮೇಲೆ ಹೋಯಿತು. ಅಮ್ಮ ಎರಡು ಕೊಟ್ಟಳು, ನಿಜ. ಆದರೆ ಜೋರಾಗಿ ಅಲ್ಲ. “ಧೂಳು ಕೊಡವಕ್ಕೆ ಇಳಿಸಿದ್ದು” ಎಂದು ಓಣಿಗೆಲ್ಲ ಹೇಳಿದಳು. ಕುಲ್ಸೂಮ್ ಜರಡಿ ಹಿಂದಿರುಗಿಸುವ ನೆಪದಲ್ಲಿ ಬಂದು ತಲೆಯೆತ್ತಿ ನೋಡಿ, ಕಾಫಿಯನ್ನೂ ಕುಡಿಯದೆ ಓಡಿದಳು.

ಶುಕ್ರವಾರ ಸಂಜೆಯ ನಮಾಜಿಗೆ ಮೊದಲು ಸಿತ್ತಿನಾ ಇನ್ನಿಬ್ಬರು ಹೆಂಗಸರೊಂದಿಗೆ ಬಂದಳು. ಅಮೀರಾಳನ್ನು ನೋಡಿ, “ಇವಳು ನಿನ್ನ ಚಿಕ್ಕ ಮಗಳಾ ನೆಫೀಸಾ? ಈಗ್ಲೇ ನೋಡ್ತಿರೋದು” ಎಂದಳು. ಕಾಫಿ ಬಂತು. ಸಮೋಸದಂಥ ಸಂಬೂಸ ಬಂತು. ಯಾರೂ ಬಂದ ವಿಷಯ ಎತ್ತಲಿಲ್ಲ. ಕಾಲು ಗಂಟೆ, ಅರ್ಧ ಗಂಟೆ. ಅಕ್ಕ ಖಾಲಿಯಾಗದ ಬಟ್ಟಲುಗಳಿಗೂ ಮತ್ತೆ ಕಾಫಿ ಸುರಿದಳು.

ಅಮೀರಾಳಿಂದ ಕೂರಲಾಗಲಿಲ್ಲ. ಮೆಲ್ಲಗೆ ಹೊರಗೆ ಜಾರಿದಳು. ಕಾಲುಗಳು ತಾವಾಗಿಯೇ ಬದ್ರೊ ಬಾಗಿಲ ಕಡೆ ನಡೆದವು. ಈ ಸಲ ಹೆಜ್ಜೆ ಎಣಿಸಿದಳು. ನಾನೂರ ಹನ್ನೆರಡು. ನಡುವೆ ಒಂದು ಕತ್ತೆ ಅಡ್ಡ ಬಂದು ಐದಾರು ಹೆಚ್ಚಾಗಿರಬಹುದು.

ಹಸಿರು ಬಾಗಿಲಿನ ಮೆಟ್ಟಿಲ ಮೇಲೆ ಒಬ್ಬ ತೆಳ್ಳನೆಯ ಯುವಕ ಕೂತಿದ್ದ. ಪಕ್ಕದಲ್ಲಿ ಬಿಚ್ಚಿದ ಪುಸ್ತಕ, ಸೂಜಿ, ಮೇಣ ಹಚ್ಚಿದ ದಾರ. ಹೊಲಿಯುತ್ತಿರಲಿಲ್ಲ. ಎದ್ದ, ನಾಲ್ಕು ಹೆಜ್ಜೆ ಹೋದ, ತಿರುಗಿ ಬಂದು ಕೂತ. ಮತ್ತೆ ಎದ್ದ.

“ನೀವೇ ರೆದ್ವಾನಾ?”

ಅವನು ಬೆಚ್ಚಿದ. “ನೀನು... ಅಮೀರಾ? ಏನಾಯ್ತು ಅಲ್ಲಿ? ಮಾತಾಡಿದ್ರಾ?”

“ಇನ್ನೂ ಇಲ್ಲ. ಮಳೆ ವಿಷ್ಯ ಮಾತಾಡ್ತಿದಾರೆ.”

“ಮಳೆ ವಿಷ್ಯಾನಾ!”

“ಆಮೇಲೆ ಈರುಳ್ಳಿ ರೇಟು.”

ರೆದ್ವಾನ್ ತಲೆಯ ಮೇಲೆ ಕೈಹೊತ್ತು ಕೂತ. ಅವನ ಬೆರಳಿನ ಉಗುರುಗಳೆಲ್ಲ ಕಚ್ಚಿ ಕಚ್ಚಿ ಮೊಂಡಾಗಿದ್ದವು. ಅಮೀರಾ ಅದನ್ನು ನೋಡಿದಳು. ಇಷ್ಟು ದಿನ ಇವನ ಮೇಲೆ ಸಾಕಿಕೊಂಡಿದ್ದ ಕೋಪವನ್ನು ಹುಡುಕಿದಳು. ಅದು ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ಅವನ ಪಕ್ಕದ ಮೆಟ್ಟಿಲಲ್ಲಿ ಕೂತಳು.

“ಅಕ್ಕ ಬೆಳಿಗ್ಗೆ ಎದ್ದ ತಕ್ಷಣ ಏನೂ ಹೇಳ್ಬೇಡಿ,” ಎಂದಳು. “ಹೂಂ ಅಂತಾಳೆ. ಆದ್ರೆ ಕೇಳಿಸ್ಕೊಂಡಿರಲ್ಲ.”

“ಸರಿ.”

“ಕಾಫಿಗೆ ಉಪ್ಪು ಹಾಕ್ಬೇಕು. ಸಕ್ಕರೆ ಹಾಕಿದ್ರೆ ಗಿಡಕ್ಕೆ ಸುರೀತಾಳೆ. ಸಂಬೂಸದ ಮೂಲೆ ಮಾತ್ರ ತಿಂತಾಳೆ. ಮಧ್ಯದ್ದು ನೀವೇ ತಿನ್ಬೇಕು.”

“ತಿಂತೀನಿ.”

“ಸಿಟ್ಟು ಬಂದ್ರೆ ಪಾತ್ರೆ ತೊಳೀತಾಳೆ. ತೊಳ್ದಿರೋದನ್ನೇ ತೊಳೀತಾಳೆ. ಆಗ ಹತ್ರ ಹೋಗ್ಬೇಡಿ.”

ರೆದ್ವಾನ್ ಪರೀಕ್ಷೆಗೆ ಓದುವವನಂತೆ ತಲೆಯಾಡಿಸುತ್ತಿದ್ದ. “ಇನ್ನೇನಾದ್ರೂ ಇದೆಯಾ?”

ಇತ್ತು. ದೀಪ ಆರಿಸಿದ ಮೇಲೆ ಅಕ್ಕ ಅವಳ ಬೆನ್ನ ಮೇಲೆ ಬೆರಳಿನಿಂದ ಒಂದು ಪದ ಬರೆಯುತ್ತಿದ್ದಳು. ನಿಧಾನವಾಗಿ, ಒಂದೊಂದೇ ಅಕ್ಷರ. ಅಮೀರಾ ಊಹಿಸಬೇಕು. ಎಷ್ಟೋ ಸಲ ಕೊನೆಯ ಅಕ್ಷರ ಬರುವಷ್ಟರಲ್ಲಿ ನಿದ್ದೆ ಬಂದುಬಿಡುತ್ತಿತ್ತು.

ಅಮೀರಾ ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

“ಅಷ್ಟೇ,” ಎಂದಳು.