ಗುಂಡಿಗೆಯ ಎಡಮಗ್ಗುಲು

ವಹೀದಾಳಿಗೆ ಓದು ಬರುತ್ತಿರಲಿಲ್ಲ. ಹುಮನಾಬಾದಿನ ದವಾಖಾನೆಯಲ್ಲಿ ಸೂಲಗಿತ್ತಿಯರ ತರಬೇತಿಗೆ ಸೇರಿದ ಏಳು ಹೆಂಗಸರಲ್ಲಿ ಅಕ್ಷರ ಬಾರದವಳು ಅವಳೊಬ್ಬಳೇ. ಆದರೆ ಪಾಠಕ್ಕೆಂದು ತಂದ ಕುರಿಯ ಗುಂಡಿಗೆ ನೋಡಿ ಉಳಿದ ಆರು ಮಂದಿ ಮೂಗಿಗೆ ಸೆರಗು ಹಿಡಿದಾಗ ಚಾಕು ಎತ್ತಿಕೊಂಡವಳೂ ಅವಳೊಬ್ಬಳೇ.

ಅದು ೧೯೪೧. ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎನ್ನುತ್ತಿದ್ದರು. ಅಲ್ಲಿ ಅವಳ ಅಪ್ಪನದು ಮಾಂಸದಂಗಡಿ.

ಪಾಠ ಹೇಳುತ್ತಿದ್ದವನು ಕಂಪೌಂಡರ್ ಜಹೀರುದ್ದೀನ್. ಹೈದರಾಬಾದಿನಲ್ಲಿ ಕಲಿತವನು. ಪುಸ್ತಕ ಪೂರ್ತಿ ಬಾಯಿಪಾಠ. ಚಾಕು ಹಿಡಿಯಲು ಮಾತ್ರ ಬರುತ್ತಿರಲಿಲ್ಲ.

“ಹಾಂಗ ಹಿಡೀಬ್ಯಾಡ್ರಿ ಸಾಬ್. ಬದನಿಕಾಯಿ ಹೆಚ್ಚಾಕತ್ತೀರೇನು?” ಎಂದು ವಹೀದಾ ಚಾಕು ಇಸಿದುಕೊಂಡಳು. ಒಂದೇ ಗೀರು. ಗುಂಡಿಗೆ ತೆರೆದುಕೊಂಡಿತು.

ಅವನು ಗುಂಡಿಗೆಯೊಳಗಿನ ಗೋಡೆ ಮುಟ್ಟಿ ತೋರಿಸಿದ. “ದಪ್ಪ ಇದ್ದದ್ದು ಎಡಗಡೆ. ಇಡೀ ಮೈಗೆ ರಕ್ತ ದೂಡೋದು ಇದು.”

“ಎಡ ಅಲ್ಲರಿ, ಬಲ. ನನ್ನ ಬಲಗೈ ಕಡೆ ಅದಲ್ಲ?”

ಅಂಗಡಿಯಲ್ಲಿ ಹಲಗೆಯ ಮೇಲೆ ಬಿದ್ದ ಪ್ರಾಣಿಗೆ ತನ್ನದೇ ಆದ ಎಡಬಲ ಇರುವುದಿಲ್ಲ. ಕೊಯ್ಯುವವನ ಕೈಯೇ ಅದರ ಎಡಬಲ. ಹುಟ್ಟಿದಾಗಿನಿಂದ ನೋಡಿದ್ದು ಅದು. ಮೂರು ತಿಂಗಳು ತಿದ್ದಿದರೂ ಆ ರೂಢಿ ಹೋಗಲಿಲ್ಲ.

ಪರೀಕ್ಷೆಗೆ ಹದಿನೈದು ದಿನ ಇರುವಾಗ, ಗಾಜಿನ ಭರಣಿ ಒರೆಸುತ್ತ ಜಹೀರುದ್ದೀನ್ ಕೇಳಿದ: “ನಿಮ್ಮ ಅಬ್ಬಾನ ಕೂಡ ಮಾತಾಡಲೇನು?”

ಯಾವ ಮಾತೆಂದು ಅವಳು ಕೇಳಲಿಲ್ಲ. ಆ ಭರಣಿಯನ್ನು ಅವನು ಒರೆಸುತ್ತಿದ್ದುದು ಅದು ಮೂರನೆಯ ಸಲ.

“ಪಾಸಾದ ಮ್ಯಾಲ. ಈಗ ಹ್ಞೂಂ ಅಂದ್ರ, ಕಂಪೌಂಡರ್ ಪಾಸ್ ಮಾಡಿಸ್ಯಾನ ಅಂತಾರ. ಫೇಲಾದ್ರ ನಾ ತಿರುಗಿ ಅಂಗಡಿಗೆ. ಕಸಾಯಿ ಮಗಳು ನಿಮ್ಮ ಅಮ್ಮಿಗೆ ಬ್ಯಾಡಾಗ್ತಾಳ.”

“ನೀವು ಫೇಲಾಗಂಗಿಲ್ಲ.”

“ನನಗೂ ಗೊತ್ತದ. ಎಡಬಲ ಒಂದು ಸರಿಮಾಡ್ರಿ, ಸಾಕು.”

ಬಾಗಿಲಲ್ಲಿ ಮುದಿ ಆಯಾ ಕುಲ್ಸುಮ್ ಬೀ ಅಡಕೆ ಕತ್ತರಿಸುತ್ತ ಕೂತಿದ್ದಳು. ಗಂಡಸು ಪಾಠ ಹೇಳುವಾಗ ಅವಳು ಅಲ್ಲಿರಬೇಕೆಂಬುದು ದವಾಖಾನೆಯ ಕಟ್ಟಳೆ.

ಜಹೀರುದ್ದೀನ್ ಎದುರಿಗೆ ನಿಂತ. “ನನ್ನ ಗುಂಡಿಗಿ ಯಾವ ಕಡೆ ಅದ, ತೋರಿಸ್ರಿ.”

ವಹೀದಾಳ ಕೈ ನೇರ ತನ್ನ ಎಡಕ್ಕೆ ಹೋಗಿ ಅವನ ಶೇರ್ವಾನಿಯ ಬಲಮಗ್ಗುಲಿಗೆ ಒಂದು ಬೆರಳು ದೂರದಲ್ಲಿ ನಿಂತಿತು.

“ಅಲ್ಲಿ ಗುಂಡಿಗಿ ಇಲ್ಲ ಬೇಟಿ, ಕಲೀಜಾ ಅದ,” ಎಂದಳು ಕುಲ್ಸುಮ್ ಬೀ, ತಲೆ ಎತ್ತದೆ. ಕಲೀಜಾ ಎಂದರೆ ಯಕೃತ್ತು.

ಜಹೀರುದ್ದೀನ್ ನಗಲಿಲ್ಲ. ತಿರುಗಿ ಅವಳಿಗೆ ಬೆನ್ನು ಕೊಟ್ಟು ನಿಂತ. “ಮೈ ಎದುರಿಗಿಟ್ಟು ನೋಡಬ್ಯಾಡ್ರಿ. ಶೇರ್ವಾನಿ ತೊಟ್ಟಾಂಗ ತೊಟ್ಕೋರಿ. ಈಗ ನನ್ನ ಎಡ, ನಿಮ್ಮ ಎಡ ಒಂದ.”

ಅವಳು ಅಂಗೈ ಇಟ್ಟಳು, ಬೆನ್ನಿನ ಎಡಕ್ಕೆ. ದಪ್ಪ ಬಟ್ಟೆಯ ಕೆಳಗೂ ಬಡಿತ ಸಿಕ್ಕಿತು. ಅವನ ಕಿವಿಯ ತುದಿ ನಿಧಾನವಾಗಿ ಕೆಂಪಾಗುವುದನ್ನು ಅವಳು ಪೂರ್ತಿ ನೋಡಿದಳು.

“ಭಾಳ ಜೋರು ಓಡಾಕತ್ತದಲ್ಲರಿ ಸಾಬ್. ಜ್ವರ ಏನು?”

“ಎಣಿಸ್ರಿ. ಅದೂ ಪರೀಕ್ಷಾದಾಗ ಬರತದ,” ಎಂದು ಅವನು ಜೇಬಿನ ಗಡಿಯಾರ ತೆಗೆದು ಹಿಡಿದ.

“ಮಿನಿಟಿಗೆ ನೂರಾ ಹತ್ತು.”

“ಒಂದು ಮಿನಿಟು ಸಾಕು. ಕೈ ತಗಿ,” ಎಂದಳು ಕುಲ್ಸುಮ್ ಬೀ.

ಪರೀಕ್ಷೆಗೆ ಹೊರಗಿನಿಂದ ಡಾಕ್ಟರಮ್ಮ ಬಂದರು. ತಟ್ಟೆಯಲ್ಲಿ ಗುಂಡಿಗೆ ಇಟ್ಟು, “ಎಡಗಡೆ ಯಾವುದು?” ಎಂದರು.

ವಹೀದಾಳ ಬೆರಳು ಮೊದಲು ತನ್ನ ಎಡಕ್ಕೇ ಹೊರಟಿತು. ಕಿಟಕಿಯ ಹತ್ತಿರ ನಿಂತಿದ್ದ ಜಹೀರುದ್ದೀನ್ ಗೋಡೆ ನೋಡತೊಡಗಿದ. ಅವಳು ಬೆರಳು ಹಿಂದಕ್ಕೆ ತೆಗೆದುಕೊಂಡಳು. ಗುಂಡಿಗೆಯನ್ನೇ ಎತ್ತಿ, ತನ್ನ ಮೈಯೊಳಗಿನದು ಎಂಬಂತೆ ಎದೆಗೆ ಹಿಡಿದಳು. ಬಿಳಿ ಏಪ್ರನ್ ಮೇಲೆ ರಕ್ತ ಇಳಿಯಿತು.

“ಇದು ಎಡ. ಗೋಡಿ ದಪ್ಪ. ಮೈಗೆಲ್ಲ ರಕ್ತ ದೂಡ್ತದ.”

“ಹೀಂಗ ತೋರಿಸಬೇಕಂತ ಯಾವ ಪುಸ್ತಕದಾಗ ಅದವ್ವ?”

“ಪುಸ್ತಕ ನನಗ ಬರಂಗಿಲ್ಲರಿ ಡಾಕ್ಟರಮ್ಮ. ಮೈ ಬರತದ.”

ಸಂಜೆಗೆ ಪಾಸಾದವರ ಹೆಸರು ಓದಿದರು. ಅವಳದು ಎರಡನೆಯದು.

ಅಂಗಳದಲ್ಲಿ ಅವಳು ಏಪ್ರನ್ ತೊಳೆಯುತ್ತಿದ್ದಳು. ಜಹೀರುದ್ದೀನ್ ಬಂದು ಕೊಡದಿಂದ ನೀರು ಹಾಕಿದ.

“ಈಗ ಮಾತಾಡ್ರಿ ಅಬ್ಬಾನ ಕೂಡ,” ಎಂದಳು.

“ಏನಂತ ಹೇಳಲಿ?”

“ಚಾಕು ಹಿಡಿಯಾಕ ಬರಂಗಿಲ್ಲ ಅಂತ ಮೊದಲ ಹೇಳಿಬಿಡ್ರಿ. ಆಮ್ಯಾಲ ಉಳಿದದ್ದು.”

“ಉಳಿದದ್ದು ನಿಮಗ ಒಪ್ಪಿಗಿ ಅದಲ್ಲ?”

“ನೂರಾ ಹತ್ತು ಎಣಿಸಿದ ದಿನಾನ ಒಪ್ಪಿಗಿ ಇತ್ತು. ಪರೀಕ್ಷಾ ಉಳಿದಿತ್ತು.”

ಅವನು ಹಾಕಿದ ನೀರೆಲ್ಲ ಏಪ್ರನ್ ಬಿಟ್ಟು ಅವಳ ಕಾಲ ಮೇಲೆ ಬಿತ್ತು. ಅವಳು ಕಾಲು ಸರಿಸಲಿಲ್ಲ.

ವಹೀದಾಳಿಗೆ ಕಲ್ಯಾಣಿಯ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಮೊದಲ ಒಂದು ವರ್ಷ ಮದುವೆಯಾಗಬಾರದೆಂಬ ಷರತ್ತಿತ್ತು. ಹೆಬ್ಬೆಟ್ಟು ಒತ್ತದೆ, ಜಹೀರುದ್ದೀನ್ ಕಲಿಸಿದ ಅಕ್ಷರಗಳಲ್ಲಿ ಹೆಸರು ಬರೆದು ಒಪ್ಪಿದಳು. ರಜೆ ಶುಕ್ರವಾರ. ಹುಮನಾಬಾದಿನಿಂದ ಅವನು ಬಸ್ಸು ಹತ್ತಿ ಬರುತ್ತಿದ್ದ. ಅಂಗಡಿಯ ಮುಂದೆ, ಮದುವೆಗೆ ಒಪ್ಪಿದ್ದ ಭಾವೀ ಮಾವನ ಎದುರು ಕೂತು ಚಾ ಕುಡಿದು, ಅವಳು ಕಂಡಷ್ಟು ಹೊತ್ತು ಕಂಡು ಹೋಗುತ್ತಿದ್ದ. ಕೆಲವು ಸಲ ಮಳೆಗೆ ಬಸ್ಸು ನಿಂತಿತು. ಕೆಲವು ಸಲ ಕಾಲರಾ ಡ್ಯೂಟಿ ಬಿತ್ತು.

ಆ ವರ್ಷದ ಐವತ್ತೆರಡು ಶುಕ್ರವಾರಗಳಲ್ಲಿ ಅವನು ಬಂದದ್ದು ಮೂವತ್ತೊಂಬತ್ತು. ಐವತ್ತಮೂರನೆಯದಕ್ಕೆ ನಿಕಾಹ್. ಕಳೆದುಹೋದದ್ದು ಹದಿಮೂರು.